ಕೇಪ್ ತೊಟ್ಟವರಾ, ಖಾಕಿ ತೊಟ್ಟವರಾ? ಸಮಯ ಕಡಿಮೆ ಇರುವ ಮುಂಬೈ ಕನ್ನಡಿಗರಿಗೆ ಸೀರೀಸ್ ಆರಿಸುವ ಮಾರ್ಗದರ್ಶಿ

ವಾರಕ್ಕೊಂದು ಹೊಸ ಸೀರೀಸ್ ಬರುತ್ತದೆ. ತಿಂಗಳಿಗೊಂದು ಹಳೇ ಸೀರೀಸ್ ಹೊಸ ಸೀಸನ್ ಹೊತ್ತುಕೊಂಡು ವಾಪಸ್ ಬರುತ್ತದೆ. ನಮ್ಮ ಹತ್ತಿರ ಇರುವ ಸಮಯ ಮಾತ್ರ ಅಷ್ಟೇ ಇದೆ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ, ವಿರಾರ್‌ನಿಂದ ಚರ್ಚ್‌ಗೇಟ್‌ಗೆ ಹೋಗುವವರಿಗೆ ಲೋಕಲ್‌ನಲ್ಲಿ ಒಂದು ಗಂಟೆಯೋ ಒಂದೂವರೆ ಗಂಟೆಯೋ ಸಿಗುತ್ತದೆ, ಅದೂ ಸೀಟು ಸಿಕ್ಕರೆ. ರಾತ್ರಿ ಮನೆಗೆ ಬಂದರೆ ಹಾಲ್‌ನ ಟಿವಿ ಅತ್ತೆಯವರ ಧಾರಾವಾಹಿಗೆ ಬುಕ್ ಆಗಿರುತ್ತದೆ. ಆದ್ದರಿಂದ ಏನನ್ನು ಬಿಡಬೇಕು ಅಂತ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ನಾನು ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಕಥೆ ಶುರು ಮಾಡಿದವರಿಗೆ ಅದು ಎಲ್ಲಿ ಮುಗಿಯುತ್ತದೆ ಅಂತ ಗೊತ್ತಿತ್ತಾ? ಗೊತ್ತಿದ್ದರೆ ನಾಯಕ ಕೇಪ್ ತೊಟ್ಟ ಸೂಪರ್‌ಹೀರೋ ಆಗಿರಲಿ, ಖಾಕಿ ತೊಟ್ಟ ಪೊಲೀಸ್ ಆಗಿರಲಿ, ಧೈರ್ಯವಾಗಿ ಕುಳಿತುಕೊಳ್ಳಬಹುದು. ಗೊತ್ತಿಲ್ಲದಿದ್ದರೆ ಎಷ್ಟೇ ದೊಡ್ಡ ಹೆಸರಾದರೂ ಮೂರನೇ ಸೀಸನ್ ಹೊತ್ತಿಗೆ ಎಳೆಯಲು ಶುರು ಮಾಡುತ್ತಾರೆ. ಅತ್ತೆಯವರ ಸೀರಿಯಲ್ ನೋಡಿ ನಗುವ ನಾವು ಇಷ್ಟನ್ನಾದರೂ ಒಪ್ಪಬೇಕು, ಇಂಗ್ಲಿಷ್‌ನಲ್ಲಿ ಎಳೆದರೂ ಎಳೆದದ್ದೇ ಅಲ್ವಾ?

ಮೊದಲು ಉದ್ದದ ಲೆಕ್ಕ

ಅಮೆರಿಕದ ಸೂಪರ್‌ಹೀರೋ ಸೀರೀಸ್ 'ದಿ ಫ್ಲ್ಯಾಶ್' 2014ರಿಂದ 2023ರವರೆಗೆ ಒಂಬತ್ತು ಸೀಸನ್ ನಡೆಯಿತು. ಒಟ್ಟು 184 ಎಪಿಸೋಡ್. ಒಂದೊಂದು ಸುಮಾರು 42 ನಿಮಿಷ ಅಂದರೆ ಹತ್ತಿರ ಹತ್ತಿರ 130 ಗಂಟೆ. ಆಫೀಸಿಗೆ ಹೋಗಿ ಬರುವ ಎರಡು ಗಂಟೆಯನ್ನು ಪೂರ್ತಿ ಇದಕ್ಕೇ ಕೊಟ್ಟರೂ 65 ಕೆಲಸದ ದಿನ ಬೇಕು. ಅಂದರೆ ಒಂದು ಕ್ವಾರ್ಟರ್ಲಿ ಪಾಸ್ ಇದೊಂದಕ್ಕೇ ಖರ್ಚು. ಅದರ ಅಣ್ಣನಂತಿರುವ 'ಆರೋ' ಎಂಟು ಸೀಸನ್, 170 ಎಪಿಸೋಡ್. ಸಾಲದ್ದಕ್ಕೆ ಇವರ ಕಥೆ ಅವರಲ್ಲಿ, ಅವರ ಕಥೆ ಇವರಲ್ಲಿ ಹೋಗಿ ಬಂದು ಮಾಡುತ್ತದೆ. ಒಂದನ್ನು ಬಿಟ್ಟರೆ ಇನ್ನೊಂದರ ತಲೆಬುಡ ಗೊತ್ತಾಗುವುದಿಲ್ಲ.

ಇಷ್ಟು ಉದ್ದ ಯಾಕೆ ಅಂದರೆ, ಇವು ಅಮೆರಿಕದ ಟಿವಿ ಚಾನೆಲ್‌ಗೆ ಮಾಡಿದವು. ಅಲ್ಲಿ ಸೆಪ್ಟೆಂಬರ್–ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ವಾರವಾರ ಜಾಗ ತುಂಬಬೇಕು, ನಡುವೆ ಜಾಹೀರಾತು ಬರಬೇಕು. ಅದಕ್ಕೇ ಸೀಸನ್‌ಗೆ 22, 23 ಎಪಿಸೋಡ್. ದೊಡ್ಡ ವಿಲನ್‌ನನ್ನು ಮೊದಲೇ ತೋರಿಸುತ್ತಾರೆ, ಸೋಲಿಸುವುದು ಕೊನೆಯಲ್ಲಿ. ನಡುವಿನ ಇಪ್ಪತ್ತು ವಾರ ಚಿಕ್ಕಪುಟ್ಟ ಕಳ್ಳರು ಬಂದು ಹೋಗುತ್ತಾರೆ. ಫ್ಲ್ಯಾಶ್‌ನ ಮೊದಲ ಸೀಸನ್ ಮತ್ತು ಆರೋದ ಎರಡನೇ ಸೀಸನ್ ನಿಜಕ್ಕೂ ಚೆನ್ನಾಗಿವೆ. ಅಲ್ಲಿಗೆ ನಿಲ್ಲಿಸಿದರೂ ಏನೂ ಕಳೆದುಕೊಳ್ಳುವುದಿಲ್ಲ.

ಮಾರ್ವೆಲ್ ಅನ್ನುವ ಸೂಪರ್‌ಹೀರೋ ಕಂಪನಿ ತನ್ನ ಸಿನಿಮಾಗಳಿಗೆ ಜೋಡಿಸಿ ಮಾಡಿದ 'ಏಜೆಂಟ್ಸ್ ಆಫ್ ಶೀಲ್ಡ್' ಕಥೆ ಸ್ವಲ್ಪ ಬೇರೆ. ಏಳು ಸೀಸನ್, 136 ಎಪಿಸೋಡ್. ಮೊದಲ ಸೀಸನ್‌ನ ಬಹುಭಾಗ ಸಪ್ಪೆ. ಕಾರಣ ಗೊತ್ತಾದರೆ ಸ್ವಲ್ಪ ಕನಿಕರ ಬರುತ್ತದೆ. 2014ರ ಏಪ್ರಿಲ್‌ನಲ್ಲಿ ಬರಲಿದ್ದ ಕ್ಯಾಪ್ಟನ್ ಅಮೆರಿಕಾ ಸಿನಿಮಾದಲ್ಲಿ ಒಂದು ದೊಡ್ಡ ಗುಟ್ಟು ಬಿಚ್ಚಿಕೊಳ್ಳಬೇಕಿತ್ತು, ಅಲ್ಲಿಯವರೆಗೆ ಇವರು ಏನೂ ಬಾಯಿ ಬಿಡುವ ಹಾಗಿರಲಿಲ್ಲ. ಸಿನಿಮಾ ಬಂದ ಮೇಲೆ ಸೀರೀಸ್ ಎದ್ದು ಕುಳಿತಿತು. ಕಾಲೇಜಿಗೆ ಹೋಗುವ ಹುಡುಗರಿಗೆ, ರಜೆ ಇರುವವರಿಗೆ ಇದು ಸರಿ. ನೌಕರಿ ಮಾಡುವವರಿಗೆ ನನ್ನ ಉತ್ತರ ಬೇಡ.

ಆಮೇಲೆ ಆ್ಯಪ್‌ಗಳ ಕಾಲ ಬಂತು, ಉದ್ದ ಆರರಿಂದ ಒಂಬತ್ತು ಎಪಿಸೋಡ್‌ಗೆ ಇಳಿಯಿತು. ಸಮಸ್ಯೆ ಮಾತ್ರ ಹೋಗಲಿಲ್ಲ. ಮಾರ್ವೆಲ್‌ನ ಎಷ್ಟೋ ಸೀರೀಸ್ ಎರಡು ಗಂಟೆಯ ಸಿನಿಮಾದ ಕಥೆಯನ್ನು ಐದು ಗಂಟೆಗೆ ಹಿಗ್ಗಿಸಿದ್ದು ಅನಿಸುತ್ತದೆ. 'ಸೀಕ್ರೆಟ್ ಇನ್ವೇಷನ್' (2023) ಸುಮ್ನೆ ಬಿಡಿ, ಅದರ ಬಗ್ಗೆ ಬರೆಯುವುದೂ ದಂಡ. 'ವಾಂಡಾವಿಷನ್' (2021) ಅಮೆರಿಕದ ಹಳೆಯ ಹಾಸ್ಯ ಧಾರಾವಾಹಿಗಳ ಒಂದೊಂದು ದಶಕದ ವೇಷ ಹಾಕಿಕೊಂಡು, ಗಂಡನನ್ನು ಕಳೆದುಕೊಂಡವಳ ದುಃಖ ಹೇಳುತ್ತದೆ. ಮೊದಲ ಎರಡು ಎಪಿಸೋಡ್ ಕಪ್ಪು ಬಿಳುಪು, ಏನು ನಡೀತಿದೆ ಅಂತ ತಲೆ ಕೆರೆದುಕೊಳ್ಳುತ್ತೀರಿ. ತಾಳ್ಮೆ ಇದ್ದರೆ ಫಲ ಇದೆ. ಕೊನೆಯ ಎಪಿಸೋಡ್‌ನಲ್ಲಿ ಮಾತ್ರ ಎಲ್ಲರಂತೆ ಆಕಾಶದಲ್ಲಿ ಬೆಂಕಿ ಎಸೆದಾಡಿ ಮುಗಿಸುತ್ತಾರೆ. 'ಲೋಕಿ' 2021 ಮತ್ತು 2023ರಲ್ಲಿ ಆರಾರು ಎಪಿಸೋಡ್‌ನ ಎರಡು ಸೀಸನ್. ವಾಪಸ್ ಬಂದ ಮಾರ್ವೆಲ್ ಸೀರೀಸ್‌ಗಳಲ್ಲಿ ಸರಿಯಾದ ಕೊನೆ ಕೊಟ್ಟದ್ದು ಇದು. ಕಾಲದ ಲೆಕ್ಕಾಚಾರ ಅರ್ಧ ಅರ್ಥವಾಗದಿದ್ದರೂ ಆ ಕೊನೆ ಮುಟ್ಟುತ್ತದೆ.

ಡೇರ್‌ಡೆವಿಲ್ ಎದುರು ಪೆಂಗ್ವಿನ್

ನಿಜವಾದ ಪೈಪೋಟಿ ಇಲ್ಲಿದೆ. ಎರಡೂ ಒಂದು ನಗರವನ್ನು ಯಾರು ಆಳಬೇಕು ಅನ್ನುವ ಕಥೆ. ಎರಡರಲ್ಲೂ ಹಾರುವವರಿಲ್ಲ, ಮಿಂಚು ಎಸೆಯುವವರಿಲ್ಲ. ಮುಂಬೈಯಲ್ಲಿ ಬದುಕುವವರಿಗೆ ಎರಡೂ ಬೇಗ ಒಳಗಿಳಿಯುತ್ತವೆ.

'ಡೇರ್‌ಡೆವಿಲ್' 2015ರಿಂದ 2018ರವರೆಗೆ ನೆಟ್‌ಫ್ಲಿಕ್ಸ್‌ಗೆ ಮಾಡಿದ್ದು, ಮೂರು ಸೀಸನ್. ಕಣ್ಣು ಕಾಣದ ವಕೀಲ ಮ್ಯಾಟ್ ಮರ್ಡಾಕ್ ಹಗಲು ಕೋರ್ಟಿನಲ್ಲಿ, ರಾತ್ರಿ ಗಲ್ಲಿಯಲ್ಲಿ. ಚಾರ್ಲಿ ಕಾಕ್ಸ್ ಆ ಪಾತ್ರ, ಎದುರಿಗೆ ರೌಡಿಗಳ ದೊರೆ ವಿಲ್ಸನ್ ಫಿಸ್ಕ್ ಆಗಿ ವಿನ್ಸೆಂಟ್ ಡಿ'ಒನೊಫ್ರಿಯೊ. ಎರಡನೇ ಎಪಿಸೋಡ್‌ನಲ್ಲಿ ಒಂದು ಕಾರಿಡಾರ್ ಹೊಡೆದಾಟ ಇದೆ. ಅಲ್ಲಿ ನಾಯಕನಿಗೆ ಸುಸ್ತಾಗುತ್ತದೆ, ಗೋಡೆಗೆ ಒರಗಿ ಉಸಿರು ಎಳೆದುಕೊಳ್ಳುತ್ತಾನೆ. ಸೂಪರ್‌ಹೀರೋ ಸೀರೀಸ್‌ನಲ್ಲಿ ಸುಸ್ತಾಗುವ ಮನುಷ್ಯನನ್ನು ನೋಡಿದ್ದು ನನಗೆ ಅದೇ ಮೊದಲು.

2025ರ ಮಾರ್ಚ್‌ನಲ್ಲಿ ಇದೇ ಕಥೆ 'ಡೇರ್‌ಡೆವಿಲ್: ಬಾರ್ನ್ ಅಗೇನ್' ಅಂತ ವಾಪಸ್ ಬಂತು, ಒಂಬತ್ತು ಎಪಿಸೋಡ್. ಇದನ್ನು ನೋಡುವ ಮೊದಲು ಒಂದು ವಿಷಯ ಗೊತ್ತಿರಲಿ. 2023ರಲ್ಲಿ ಹಾಲಿವುಡ್‌ನಲ್ಲಿ ಬರಹಗಾರರು, ನಟರು ಮುಷ್ಕರ ಹೂಡಿದಾಗ ಶೂಟಿಂಗ್ ಅರ್ಧಕ್ಕೆ ನಿಂತಿತ್ತು. ಅಷ್ಟರಲ್ಲಿ ತೆಗೆದದ್ದನ್ನು ನೋಡಿದ ಮಾರ್ವೆಲ್‌ನವರಿಗೆ ಇದು ನಡೆಯೋದಿಲ್ಲ ಅನಿಸಿ, ಹೊಸ ಬರಹಗಾರರನ್ನು ಕರೆದು ಕಥೆಗೆ ಬೇರೆ ದಿಕ್ಕು ಕೊಟ್ಟರು. ಮೊದಲ ಎಪಿಸೋಡ್ ಮತ್ತು ಕೊನೆಯ ಎರಡು ಹೊಸದಾಗಿ ಮಾಡಿದವು, ನಡುವಿನವು ಬಹುಪಾಲು ಹಳೆಯ ಯೋಜನೆಯವು. ನೋಡುವಾಗ ಹೊಲಿಗೆ ಕಾಣುತ್ತದೆ. ಭರ್ಜರಿಯಾಗಿ ಶುರುವಾಗಿ ನಡುವೆ ನಿಧಾನಕ್ಕೆ ಕೋರ್ಟ್ ಕಥೆಯಾಗಿ, ಕೊನೆಗೆ ಮತ್ತೆ ಜೀವ ಬರುತ್ತದೆ.

ಆದರೂ ಫಿಸ್ಕ್ ಮೇಯರ್ ಆಗುವ ಭಾಗ ನನಗೆ ಬಹಳ ಹಿಡಿಸಿತು. ರೌಡಿಗೆ ನಗರಪಾಲಿಕೆಯ ಕುರ್ಚಿ ಸಿಕ್ಕರೆ ಅವನು ಪೊಲೀಸರನ್ನು ಹೇಗೆ ಬಳಸುತ್ತಾನೆ, ಅಭಿವೃದ್ಧಿ ಅನ್ನುವ ಮಾತನ್ನು ಹೇಗೆ ಬಳಸುತ್ತಾನೆ, ಜನ ಯಾಕೆ ಚಪ್ಪಾಳೆ ತಟ್ಟುತ್ತಾರೆ, ಇವನ್ನೆಲ್ಲ ನ್ಯೂಯಾರ್ಕ್ ಅಂತ ತೋರಿಸಿದರೂ ಪ್ರತಿ ಮಳೆಗಾಲದಲ್ಲಿ ಪಾಲಿಕೆಯ ಭಾಷಣ ಕೇಳುವ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

'ದಿ ಪೆಂಗ್ವಿನ್' 2024ರ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಬಂದ ಎಂಟು ಎಪಿಸೋಡ್, ಎಚ್‌ಬಿಒದ್ದು. ಬ್ಯಾಟ್‌ಮ್ಯಾನ್ ಊರಿನ ಕಥೆ, ಬ್ಯಾಟ್‌ಮ್ಯಾನ್ ಬರುವುದೇ ಇಲ್ಲ. ಬಂದಿದ್ದರೆ ಕಥೆ ಹಾಳಾಗುತ್ತಿತ್ತು. 2022ರ ಬ್ಯಾಟ್‌ಮ್ಯಾನ್ ಸಿನಿಮಾದ ಕೊನೆಯಲ್ಲಿ ಆ ಊರಿನ, ಅಂದರೆ ಗೋಥಮ್‌ನ, ಸಮುದ್ರದ ತಡೆಗೋಡೆ ಒಡೆದಿರುತ್ತದೆ. ಸೀರೀಸ್ ಶುರುವಾಗುವುದು ಅದಾದ ಕೆಲವೇ ದಿನಕ್ಕೆ. ಬಡವರ ಬಡಾವಣೆ ಇನ್ನೂ ಕೆಸರಿನಲ್ಲಿದೆ, ಶ್ರೀಮಂತರ ಕಡೆ ದೀಪ ಉರಿಯುತ್ತಿದೆ. 2005ರ ಜುಲೈ 26ರ ಮಳೆ ನೆನಪಿರುವ ಯಾರೇ ಆಗಲಿ, ಆ ಬೀದಿಗಳನ್ನು ನೋಡಿದ ತಕ್ಷಣ ಕುರ್ಲಾವನ್ನೋ ಕಲೀನಾವನ್ನೋ ನೆನೆಸಿಕೊಳ್ಳುತ್ತಾರೆ.

ಓಝ್ ಕಾಬ್ ಅನ್ನುವ ಕುಂಟು ನಡಿಗೆಯ, ಬಾಯಿಬಡುಕ, ತಾಯಿಗೆ ಅಂಟಿಕೊಂಡ ಗ್ಯಾಂಗ್‌ಸ್ಟರ್ ಮೇಲೇರಲು ಏನೇನು ಮಾಡುತ್ತಾನೆ ಅನ್ನುವುದೇ ಕಥೆ. ಮೇಕಪ್ ಒಳಗೆ ಕಾಲಿನ್ ಫ್ಯಾರೆಲ್ ಇದ್ದಾನೆ ಅಂತ ಹೇಳಿದರೂ ನಂಬುವುದು ಕಷ್ಟ. ಎದುರಿಗೆ ಸೋಫಿಯಾ ಫಾಲ್ಕೋನ್ ಆಗಿ ಕ್ರಿಸ್ಟಿನ್ ಮಿಲಿಯೊಟಿ, ಈ ಪಾತ್ರಕ್ಕೆ 2025ರಲ್ಲಿ ಎಮ್ಮಿ ಪ್ರಶಸ್ತಿ ಸಿಕ್ಕಿತು. ಅವಳ ಹಳೆಯ ಕಥೆ ಹೇಳುವ ನಾಲ್ಕನೇ ಎಪಿಸೋಡ್ ಇಡೀ ಸೀರೀಸ್‌ನ ಎದೆಬಡಿತ. ಅದನ್ನು ಗದ್ದಲದಲ್ಲಿ ನೋಡಬೇಡಿ. ಇದರ ದೊಡ್ಡ ಗುಣ ಅಂದರೆ, ಓಝ್ ನಮ್ಮನ್ನು ನಗಿಸುತ್ತಾನೆ, ಅವನ ಕಡೆಗೆ ನಮ್ಮನ್ನು ಎಳೆದುಕೊಳ್ಳುತ್ತಾನೆ, ಕೊನೆಯ ಎಪಿಸೋಡ್‌ನಲ್ಲಿ ಇಷ್ಟು ದಿನ ಯಾರ ಪಕ್ಷ ವಹಿಸಿದ್ದೆವು ಅಂತ ನಮಗೇ ನಾಚಿಕೆ ಆಗುವ ಹಾಗೆ ಮಾಡುತ್ತಾನೆ. ಆ ಕೊನೆಯನ್ನು ಮೊದಲೇ ಯೋಚಿಸಿ ಬರೆದದ್ದು ಅಂತ ಪ್ರತಿ ದೃಶ್ಯದಲ್ಲೂ ಗೊತ್ತಾಗುತ್ತದೆ.

ಒಂದೇ ಆರಿಸಬೇಕಾದರೆ ಪೆಂಗ್ವಿನ್. ಎಂಟು ಗಂಟೆಯ ಒಳಗೆ ಮುಗಿಯುತ್ತದೆ, ಹಳೆಯದೇನೂ ನೋಡಿರಬೇಕಾಗಿಲ್ಲ. ಬಾರ್ನ್ ಅಗೇನ್ ನೋಡಲೇಬೇಕು ಅನಿಸಿದರೆ ಹಳೆಯ ಮೂರು ಸೀಸನ್ ಮೊದಲು. ಇಲ್ಲದಿದ್ದರೆ ಮೊದಲ ಹದಿನೈದು ನಿಮಿಷ ಯಾಕೆ ಅಷ್ಟು ನೋವು ಕೊಡಬೇಕು ಅಂತಲೇ ಗೊತ್ತಾಗುವುದಿಲ್ಲ.

ಮಕ್ಕಳದ್ದು ಅಂತ ತಿಳಿಯಬೇಡಿ

1997ರಲ್ಲಿ ದೂರದರ್ಶನದಲ್ಲಿ ಶಕ್ತಿಮಾನ್ ನೋಡಿ ಬೆಳೆದವರಿಗೆ ಸೂಪರ್‌ಹೀರೋ ಅಂದರೆ ಮಕ್ಕಳ ಕಾರ್ಯಕ್ರಮ ಅನ್ನುವ ನಂಬಿಕೆ ಇನ್ನೂ ಇದೆ. ಆ ನಂಬಿಕೆಯಲ್ಲಿ 'ದಿ ಬಾಯ್ಸ್' ಹಾಕಿಕೊಂಡು ಹಾಲ್‌ನಲ್ಲಿ ಕುಳಿತರೆ ಐದನೇ ನಿಮಿಷಕ್ಕೆ ರಿಮೋಟ್ ಹುಡುಕಬೇಕಾಗುತ್ತದೆ. 2019ರಲ್ಲಿ ಶುರುವಾದ ಇದು ಸೂಪರ್‌ಹೀರೋಗಳನ್ನು ಒಂದು ಕಂಪನಿಯ ಜಾಹೀರಾತು ಮುಖಗಳ ಹಾಗೆ ತೋರಿಸುತ್ತದೆ. ಅವರ ನಾಯಕ ಹೋಮ್‌ಲ್ಯಾಂಡರ್ ಆಗಿ ಆಂಟನಿ ಸ್ಟಾರ್ ನಗುವಾಗಲೇ ಹೆದರಿಕೆಯಾಗುತ್ತದೆ. ಮೊದಲ ಎರಡು ಸೀಸನ್ ಚೂಪಾಗಿವೆ. ನಾಲ್ಕನೆಯದರಲ್ಲಿ (2024) ಅಸಹ್ಯ ಹುಟ್ಟಿಸುವುದೇ ಕೆಲಸ ಅಂತ ಮಾಡಿಕೊಂಡಿದ್ದಾರೆ. ಒಂದು ಸಮಾಧಾನ, ಐದನೇ ಸೀಸನ್‌ಗೆ ಮುಗಿಸುತ್ತೇವೆ ಅಂತ ತಯಾರಕರು ಮೊದಲೇ ಹೇಳಿಬಿಟ್ಟರು.

'ಇನ್‌ವಿನ್ಸಿಬಲ್' ಇನ್ನೂ ಮೋಸ ಮಾಡುತ್ತದೆ, ಯಾಕೆಂದರೆ ಅದು ಕಾರ್ಟೂನ್. ಮೊದಲ ಎಪಿಸೋಡ್ ಪೂರ್ತಿ ಶಾಲೆ, ಅಪ್ಪ, ಮಗ ಅಂತ ನಡೆದು ಕೊನೆಯ ಕೆಲವು ನಿಮಿಷದಲ್ಲಿ ರಕ್ತದ ಹೊಳೆ. ಮಕ್ಕಳ ಕೈಗೆ ಕೊಡಬೇಡಿ, ನೀವು ಮಾತ್ರ ನೋಡಿ. ಬಾಯ್ಸ್ ಮತ್ತು ಇದರ ನಡುವೆ ನನ್ನ ಮತ ಇದಕ್ಕೇ. ಅಪ್ಪನ ಬಗ್ಗೆ ಸತ್ಯ ಗೊತ್ತಾದ ಮಗ ಏನು ಮಾಡಬೇಕು ಅನ್ನುವ ಪ್ರಶ್ನೆಯನ್ನು ಮೂರನೇ ಸೀಸನ್‌ವರೆಗೂ (2025) ಕೈಬಿಟ್ಟಿಲ್ಲ. 'ಪೀಸ್‌ಮೇಕರ್' 2022ರಲ್ಲಿ ಬಂದು 2025ರ ಆಗಸ್ಟ್‌ನಲ್ಲಿ ವಾಪಸ್ ಬಂತು. ಹೊಲಸು ಮಾತು ತುಂಬಿದೆ, ಒಳಗೊಂದು ಒಂಟಿ ಮನುಷ್ಯನ ಕಥೆ ಇದೆ. ಹೆಡ್‌ಫೋನ್ ಕಡ್ಡಾಯ.

ಮನೆಮಂದಿ ಜೊತೆ ಕುಳಿತು ನೋಡುವ ಸೂಪರ್‌ಹೀರೋ ಬೇಕು ಅಂದರೆ 'ಮಿಸ್ ಮಾರ್ವೆಲ್' (2022). ನ್ಯೂಜೆರ್ಸಿಯ ಪಾಕಿಸ್ತಾನಿ ಮೂಲದ ಹುಡುಗಿ ಕಮಲಾ ಖಾನ್, ಮಗಳನ್ನು ಒಂದು ಪಾರ್ಟಿಗೂ ಕಳಿಸದ ಅಮ್ಮ, ಎಲ್ಲದಕ್ಕೂ ಜೋಕ್ ಹೊಡೆಯುವ ಅಪ್ಪ. ಆ ಅಪ್ಪ ನಮ್ಮ ಮೋಹನ್ ಕಪೂರ್. ತೊಂಬತ್ತರ ದಶಕದಲ್ಲಿ ಝೀ ಟಿವಿಯಲ್ಲಿ 'ಸಾಂಪ್ ಸೀಡಿ' ನೋಡಿದವರು ಧ್ವನಿಯಲ್ಲೇ ಗುರುತು ಹಿಡಿಯುತ್ತಾರೆ. ಐದನೇ ಎಪಿಸೋಡ್‌ನಲ್ಲಿ 1947ರ ವಿಭಜನೆಯ ರೈಲು ನಿಲ್ದಾಣ ಬರುತ್ತದೆ. ವಿಲನ್‌ಗಳು ಬರೀ ಕಾಟಾಚಾರಕ್ಕೆ, ಆದರೆ ಹುಟ್ಟಿದ ಊರು ಒಂದು, ಬೆಳೆದ ಊರು ಒಂದು ಆದ ಮನೆಗಳಲ್ಲಿ ಈ ಸೀರೀಸ್‌ನ ಊಟದ ಮೇಜಿನ ಜಗಳ ಚೆನ್ನಾಗಿ ಓಡುತ್ತದೆ. ಥಾಣೆಯಲ್ಲಿ ಹುಟ್ಟಿ ಕುಂದಾಪುರಕ್ಕೆ ವರ್ಷಕ್ಕೊಮ್ಮೆ ಹೋಗುವ ಮಕ್ಕಳಿಗೆ ತೋರಿಸಿ.

ಒಂದೇ ವರ್ಷ, ಎರಡು ನಾಗಾಲ್ಯಾಂಡ್

ಈಗ ಡ್ರಾಮಾ ಕಡೆ. 2025ರಲ್ಲಿ ತಮಾಷೆಯ ಒಂದು ಕಾಕತಾಳೀಯ ಆಯಿತು. ಜನವರಿಯಲ್ಲಿ 'ಪಾತಾಳ್ ಲೋಕ್' ಎರಡನೇ ಸೀಸನ್, ನವೆಂಬರ್‌ನಲ್ಲಿ 'ದಿ ಫ್ಯಾಮಿಲಿ ಮ್ಯಾನ್' ಮೂರನೇ ಸೀಸನ್. ಎರಡೂ ಪ್ರೈಮ್‌ನವು, ಎರಡೂ ನಾಲ್ಕು ವರ್ಷಕ್ಕಿಂತ ಜಾಸ್ತಿ ಕಾಯಿಸಿ ಬಂದವು, ಎರಡೂ ನಾಗಾಲ್ಯಾಂಡ್‌ಗೆ ಹೋದವು. ಎರಡರಲ್ಲೂ ಜೈದೀಪ್ ಅಹ್ಲಾವತ್ ಇದ್ದಾನೆ, ಅದರಲ್ಲಿ ಪೊಲೀಸ್, ಇದರಲ್ಲಿ ವಿಲನ್. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆ ಜೋಡಿ ಸಿಗಲಿಕ್ಕಿಲ್ಲ.

ಫ್ಯಾಮಿಲಿ ಮ್ಯಾನ್ ಮೊದಲ ಸೀಸನ್ (2019) ಗೆದ್ದದ್ದು ಮುಂಬೈನಿಂದ. ದೇಶ ಕಾಯುವ ಏಜೆಂಟ್‌ಗೆ ಸರ್ಕಾರಿ ಸಂಬಳ ಸಾಲುವುದಿಲ್ಲ, ಮಕ್ಕಳು ಮಾತು ಕೇಳುವುದಿಲ್ಲ, ಹೆಂಡತಿಗೆ ತನ್ನದೇ ಬದುಕು ಬೇಕು. ಶ್ರೀಕಾಂತ್ ತಿವಾರಿಯಾಗಿ ಮನೋಜ್ ಬಾಜಪೇಯಿ, ಹೆಂಡತಿಯಾಗಿ ಬೆಂಗಳೂರಿನ ಪ್ರಿಯಾಮಣಿ. ಎರಡನೇ ಸೀಸನ್‌ನಲ್ಲಿ (2021) ಕಥೆ ಚೆನ್ನೈಗೆ ಹೋಯಿತು, ಸಮಂತಾ ಎಲ್ಲರನ್ನೂ ಹಿಂದೆ ಹಾಕಿದಳು. ಮೂರನೆಯದರಲ್ಲಿ ಮನೆ ಮತ್ತು ಕೆಲಸ ಎರಡನ್ನೂ ಒಂದೇ ಗಾಡಿಗೆ ಹತ್ತಿಸಿ ಓಡಿಸಿದ್ದಾರೆ, ಮೊದಲ ಎಪಿಸೋಡ್‌ಗಳು ಮಜಾ ಕೊಡುತ್ತವೆ. ಆಮೇಲೆ ಲಂಡನ್, ದೆಹಲಿ, ಮ್ಯಾನ್ಮಾರ್ ಅಂತ ಸುತ್ತಿ ಸುತ್ತಿ, ಏಳನೇ ಎಪಿಸೋಡ್‌ನಲ್ಲಿ ಕಥೆ ಬಿಸಿಯೇರಿದಾಗ ಟಕ್ ಅಂತ ನಿಲ್ಲಿಸಿಬಿಡುತ್ತಾರೆ. ಅಷ್ಟು ವರ್ಷ ಕಾದವರಿಗೆ ಅರ್ಧ ಕಥೆ ಕೊಟ್ಟು ಕಳಿಸಿದ್ದು ನನಗಂತೂ ಸಿಟ್ಟು ತರಿಸಿತು.

ಪಾತಾಳ್ ಲೋಕ್‌ನ ಹಾಥಿರಾಮ್ ಚೌಧರಿ ದೆಹಲಿಯ ಸಾಮಾನ್ಯ ಇನ್‌ಸ್ಪೆಕ್ಟರ್. ಬಡ್ತಿ ಇಲ್ಲ, ಮರ್ಯಾದೆ ಇಲ್ಲ. ಜೂನಿಯರ್ ಅನ್ಸಾರಿ ಪರೀಕ್ಷೆ ಪಾಸು ಮಾಡಿ ಅವನಿಗಿಂತ ಮೇಲಿನ ಅಧಿಕಾರಿಯಾಗಿದ್ದಾನೆ. ಈಗ ಯಾರು ಯಾರಿಗೆ ಸಲ್ಯೂಟ್ ಹೊಡೆಯಬೇಕು ಅನ್ನುವ ಮುಜುಗರವನ್ನು ಎಷ್ಟು ಮೆತ್ತಗೆ ತೋರಿಸಿದ್ದಾರೆ ಅಂದರೆ, ಆಫೀಸಿನಲ್ಲಿ ಇಂಥದ್ದು ಕಂಡವರಿಗೆ ಗಂಟಲು ಕಟ್ಟುತ್ತದೆ. ನಾಗಾಲ್ಯಾಂಡ್ ಇಲ್ಲಿ ಬರೀ ಹಸಿರು ಬೆಟ್ಟದ ಹಿನ್ನೆಲೆಯಾಗಿಲ್ಲ. ಅಲ್ಲಿನವರು ನಾಗಾಮೀಸ್ ಮಾತಾಡುತ್ತಾರೆ, ಅಲ್ಲಿನ ನಟರೇ ಮುಖ್ಯ ಪಾತ್ರ ಮಾಡಿದ್ದಾರೆ, ದೆಹಲಿಯವನಿಗೆ ಏನೂ ಅರ್ಥವಾಗದೆ ಒದ್ದಾಡುವುದೇ ಕಥೆಯ ಭಾಗ. ಎಸ್‌ಪಿ ಮೇಘನಾ ಬರುವಾ ಆಗಿ ತಿಲೋತ್ತಮಾ ಶೋಮ್ ಕಡಿಮೆ ಮಾತಿನಲ್ಲಿ ಜಾಸ್ತಿ ಹೇಳುತ್ತಾಳೆ. ಎಂಟು ಎಪಿಸೋಡ್, ಕೇಸು ಅಲ್ಲೇ ಮುಗಿಯುತ್ತದೆ. ಹಾಗಾಗಿ ಎರಡರಲ್ಲಿ ಪಾತಾಳ್ ಲೋಕ್ ಎರಡು ಮೆಟ್ಟಿಲು ಮೇಲೆ. ಫ್ಯಾಮಿಲಿ ಮ್ಯಾನ್ ಹೊಸಬರು ಎರಡನೇ ಸೀಸನ್‌ವರೆಗೆ ನೋಡಿ ನಿಲ್ಲಿಸಿ, ಮುಂದಿನದು ಬಂದ ಮೇಲೆ ಮೂರನೆಯದಕ್ಕೆ ಕೈ ಹಾಕಿ.

ದಲಾಲ್ ಸ್ಟ್ರೀಟ್ ಮತ್ತು ಖಾನಾಪುರ

'ಸ್ಕ್ಯಾಮ್ 1992' (2020) ಬಗ್ಗೆ ಹೊಸದಾಗಿ ಹೇಳುವುದೇನಿದೆ ಅನ್ನಬಹುದು. ಇದೆ. ಇವತ್ತಿಗೂ ಹತ್ತು ಎಪಿಸೋಡ್‌ನ ಒಂದೇ ಹಿಂದಿ ಸೀರೀಸ್ ಆರಿಸು ಅಂದರೆ ನಾನು ಇದನ್ನೇ ಹೇಳುತ್ತೇನೆ. ಷೇರು ಬ್ರೋಕರ್ ಹರ್ಷದ್ ಮೆಹ್ತಾ ಮಾಡಿದ್ದೇನು ಅಂತ ಪೇಪರ್ ಓದಿ ಅರ್ಥವಾಗದವರಿಗೂ ಇದು ಅರ್ಥ ಮಾಡಿಸುತ್ತದೆ. ಬ್ಯಾಂಕ್‌ಗಳು ಸರ್ಕಾರಿ ಬಾಂಡ್ ಕೊಳ್ಳಲು ಕೊಟ್ಟ ದುಡ್ಡು ಕೆಲವು ದಿನ ಬ್ರೋಕರ್ ಕೈಯಲ್ಲಿ ಉಳಿಯುತ್ತಿತ್ತು. ಬಾಂಡ್ ಬದಲು ಬ್ಯಾಂಕ್ ರಸೀದಿ ಓಡಾಡುತ್ತಿತ್ತು. ಬ್ಯಾಂಕ್ ಆಫ್ ಕರಾಡ್‌ನಂಥ ಸಣ್ಣ ಬ್ಯಾಂಕ್‌ಗಳು ಹಿಂದೆ ಏನೂ ಇಲ್ಲದ ರಸೀದಿ ಕೊಟ್ಟವು, ಆ ದುಡ್ಡು ಷೇರು ಪೇಟೆಗೆ ಹೋಯಿತು. 1992ರ ಏಪ್ರಿಲ್ 23ರಂದು ಪತ್ರಕರ್ತೆ ಸುಚೇತಾ ದಲಾಲ್ ವರದಿ ಬಂತು, ಗುಳ್ಳೆ ಒಡೆಯಿತು. ಇಷ್ಟನ್ನು ಬೋರ್ ಆಗದ ಹಾಗೆ ಹೇಳುವುದು ಸಣ್ಣ ಕೆಲಸವಲ್ಲ. ಪ್ರತೀಕ್ ಗಾಂಧಿ ಗುಜರಾತಿ ಲಯದಲ್ಲಿ ಹಿಂದಿ ಮಾತಾಡುವುದನ್ನು ಕೇಳಿದರೆ ಘಾಟ್‌ಕೋಪರ್ ಸ್ಟೇಷನ್‌ನಲ್ಲಿ ನಿಂತ ಹಾಗಿರುತ್ತದೆ.

'ಸ್ಕ್ಯಾಮ್ 2003' ನಮ್ಮ ಕಡೆಯವನ ಕಥೆ. ಅಬ್ದುಲ್ ಕರೀಮ್ ತೆಲಗಿ ಬೆಳಗಾವಿ ಜಿಲ್ಲೆಯ ಖಾನಾಪುರದವನು. ಅಲ್ಲಿ ರೈಲಿನಲ್ಲಿ ಹಣ್ಣು ಮಾರುತ್ತಿದ್ದ ಹುಡುಗ ಮುಂಬೈಗೆ ಬಂದು ನಕಲಿ ಛಾಪಾ ಕಾಗದ ಅಚ್ಚು ಹಾಕುವ ಮಟ್ಟಕ್ಕೆ ಹೋದ, ನಾಸಿಕ್‌ನ ಸರ್ಕಾರಿ ಮುದ್ರಣಾಲಯದ ಹಳೆಯ ಯಂತ್ರವನ್ನೇ ಕೈಗೆ ಹಾಕಿಕೊಂಡ. ಗಗನ್ ದೇವ್ ರಿಯಾರ್ ಅಭಿನಯ ಬಹಳ ಚೆನ್ನಾಗಿದೆ, ಮುಖ ನೋಡಿದರೆ ಪಕ್ಕದ ಅಂಗಡಿಯವನ ಹಾಗೆ. ಆದರೆ ಸೀರೀಸ್‌ನ್ನು 2023ರ ಸೆಪ್ಟೆಂಬರ್‌ನಲ್ಲಿ ಐದು, ನವೆಂಬರ್‌ನಲ್ಲಿ ಐದು ಅಂತ ಕತ್ತರಿಸಿ ಕೊಟ್ಟರು, ಎರಡನೇ ಭಾಗ ಹೊಟೇಲಿನವರು ಮಧ್ಯಾಹ್ನ ಎರಡರ ಮೇಲೆ ಸಾಂಬಾರಿಗೆ ನೀರು ಸುರಿದ ಹಾಗಾಯಿತು. ನನ್ನ ಇನ್ನೊಂದು ದೂರು, ಖಾನಾಪುರದವನ ಬಾಯಲ್ಲಿ ಒಂದೆರಡಾದರೂ ಬೆಳಗಾವಿ ಕನ್ನಡದ ಮಾತು ಸರಿಯಾಗಿ ಬರಬೇಕಿತ್ತು. ಮೊದಲ ಐದು ನೋಡಿ, ಉಳಿದದ್ದು ನಿಮ್ಮ ಇಷ್ಟ.

ಆಸ್ಪತ್ರೆ, ಹಳ್ಳಿ, ಪ್ರಯೋಗಾಲಯ

'ಮುಂಬೈ ಡೈರೀಸ್ 26/11' (2021) ನಮ್ಮ ಊರಿನದ್ದೇ, ಆ ರಾತ್ರಿ ಒಂದು ಕಾಲ್ಪನಿಕ ಸರ್ಕಾರಿ ಆಸ್ಪತ್ರೆಯ ಒಳಗೆ. ಮೋಹಿತ್ ರೈನಾ ಚೆನ್ನಾಗಿದ್ದಾನೆ, ಕಾರಿಡಾರ್‌ನ ಗಲಾಟೆ ನಿಜ ಅನಿಸುತ್ತದೆ. ಆದರೆ ಪ್ರತಿ ಹತ್ತು ನಿಮಿಷಕ್ಕೊಬ್ಬರು ನಿಂತು ಭಾಷಣ ಮಾಡುತ್ತಾರೆ. ಅದರ ಪಕ್ಕದಲ್ಲಿ ಅಮೆರಿಕದ 'ದಿ ಪಿಟ್' (2025) ಇಟ್ಟು ನೋಡಿ. ಪಿಟ್ಸ್‌ಬರ್ಗ್‌ನ ಎಮರ್ಜೆನ್ಸಿ ವಾರ್ಡ್, 15 ಎಪಿಸೋಡ್, ಒಂದೊಂದು ಎಪಿಸೋಡ್ ಒಂದೇ ಶಿಫ್ಟ್‌ನ ಒಂದು ಗಂಟೆ. ಯಾರೂ ಭಾಷಣ ಮಾಡುವುದಿಲ್ಲ, ಮಾಡಲು ಪುರುಸೊತ್ತಿಲ್ಲ. ಬೆಡ್ ಖಾಲಿ ಇಲ್ಲದೆ ಹೊರಗೆ ಕಾಯುವವರ ಸಿಟ್ಟು, ಹೊಸ ಡಾಕ್ಟರ್‌ಗಳ ಕೈನಡುಕ ಎಲ್ಲ ಇದೆ. ನಮ್ಮ ಬಿಲ್ಡಿಂಗ್‌ನ ನರ್ಸ್ ಅಕ್ಕ ಎರಡು ಎಪಿಸೋಡ್ ನೋಡಿ "ಡ್ಯೂಟಿ ಮುಗಿಸಿ ಬಂದು ಮತ್ತೆ ಡ್ಯೂಟಿ ನೋಡ್ಲಾ ನಾನು?" ಅಂತ ಎದ್ದು ಹೋದರು. ಸೀರೀಸ್‌ಗೆ ಇದಕ್ಕಿಂತ ದೊಡ್ಡ ಮೆಚ್ಚುಗೆ ಬೇಡ. ಡಾಕ್ಟರ್‌ಗಳ ಇಂಗ್ಲಿಷ್ ಬಹಳ ಜೋರು, ಸಬ್‌ಟೈಟಲ್ ಹಾಕಿಕೊಳ್ಳಿ.

ಅಮ್ಮ, ಅತ್ತೆ, ಮಕ್ಕಳು ಎಲ್ಲ ಒಟ್ಟಿಗೆ ಕೂರುವುದಾದರೆ 'ಪಂಚಾಯತ್'. 2020ರಲ್ಲಿ ಶುರುವಾಗಿ 2025ರ ಜೂನ್‌ನಲ್ಲಿ ನಾಲ್ಕನೇ ಸೀಸನ್ ಬಂತು. ಮೊದಲ ಎರಡರಲ್ಲಿ ಲೈಟ್ ಕಂಬ, ತಿರುಗುವ ಕುರ್ಚಿ ಇಂಥ ಚಿಕ್ಕ ವಿಷಯಕ್ಕೆ ಇಡೀ ಹಳ್ಳಿ ಜಗಳವಾಡುತ್ತದೆ, ಅದೇ ಚೆಂದ. ನಾಲ್ಕನೆಯದರಲ್ಲಿ ಬರೀ ಚುನಾವಣೆ, ಬರೀ ಗುದ್ದಾಟ. ಇನ್ನೊಂದು ಆಯ್ಕೆ 'ರಾಕೆಟ್ ಬಾಯ್ಸ್', ಎರಡು ಸೀಸನ್‌ಗೆ ಮುಗಿಯುತ್ತದೆ. ಯುದ್ಧದಿಂದಾಗಿ ಇಂಗ್ಲೆಂಡಿಗೆ ವಾಪಸ್ ಹೋಗಲಾಗದ ಹೋಮಿ ಭಾಭಾ, ವಿಕ್ರಮ್ ಸಾರಾಭಾಯಿ ಇಬ್ಬರೂ ಸೇರುವುದು ಸಿ.ವಿ. ರಾಮನ್ ಇದ್ದ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ, ಆಮೇಲೆ ಕಥೆ ಮುಂಬೈಗೆ ಬರುತ್ತದೆ. ಅಣುಶಕ್ತಿ ನಗರದಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಇದು ಮನೆಯ ಕಥೆ. ಮೆಹ್ದಿ ರಝಾ ಅನ್ನುವ ಎದುರಾಳಿ ವಿಜ್ಞಾನಿ ಮಾತ್ರ ಕಲ್ಪನೆ. ಅದನ್ನು ಮಕ್ಕಳಿಗೆ ಹೇಳಿಬಿಡಿ, ಇಲ್ಲದಿದ್ದರೆ ಪರೀಕ್ಷೆಯಲ್ಲಿ ಬರೆದು ಬಂದಾರು.

'ಸೇಕ್ರೆಡ್ ಗೇಮ್ಸ್' ಮೊದಲ ಸೀಸನ್ (2018) ಸಾಕು. ಎರಡನೆಯದು ಉತ್ತರ ಕೊಡದೆ ನಿಂತಿತು, ಮೂರನೆಯದು ಬರಲೇ ಇಲ್ಲ. 'ಮಿರ್ಜಾಪುರ್' ಮೂರನೇ ಸೀಸನ್ ಬಿಡಿ. 'ಡೆಲ್ಲಿ ಕ್ರೈಮ್' ಮೊದಲ ಸೀಸನ್ ಭಾರವಾದದ್ದು, ಆದರೆ ಶೆಫಾಲಿ ಶಾಗಾಗಿ ನೋಡಿ. ಮಕ್ಕಳು ಮಲಗಿದ ಮೇಲೆ. 'ಅಡಾಲಸೆನ್ಸ್' (2025) ಹದಿಮೂರರ ಹುಡುಗನೊಬ್ಬನ ಕಥೆ, ನಾಲ್ಕೇ ಎಪಿಸೋಡ್, ಪ್ರತಿಯೊಂದೂ ಕ್ಯಾಮೆರಾ ಕತ್ತರಿಸದೆ ಒಂದೇ ಟೇಕ್‌ನಲ್ಲಿ ತೆಗೆದದ್ದು. ಇದನ್ನು ಲೋಕಲ್‌ನಲ್ಲಿ ತುಂಡು ತುಂಡಾಗಿ ನೋಡಿದರೆ ಅರ್ಧ ಶಕ್ತಿ ಹೋಗುತ್ತದೆ. ಹದಿಮೂರರ ಮಗ ಇರುವ ಅಪ್ಪಂದಿರು ಒಂದು ಭಾನುವಾರ ಇದಕ್ಕೆ ಇಡಿ.

ಇನ್ನು ವರ್ಷಗಟ್ಟಲೆ ಕಾಯಿಸುವವರ ವಿಷಯ. 'ಸ್ಟ್ರೇಂಜರ್ ಥಿಂಗ್ಸ್' ನಾಲ್ಕನೇ ಸೀಸನ್ 2022ರಲ್ಲಿ, ಐದನೆಯದು 2025ರ ಕೊನೆಗೆ. ಅಷ್ಟರಲ್ಲಿ ಮಕ್ಕಳ ಪಾತ್ರ ಮಾಡಿದವರಿಗೆ ಮದುವೆಯೂ ಆಗಿತ್ತು. 'ಸೆವೆರೆನ್ಸ್' ಎರಡನೇ ಸೀಸನ್‌ಗೆ ಮೂರು ವರ್ಷ. ಇದರ ಲಾಭ ಈಗ ಶುರು ಮಾಡುವವರಿಗೆ, ಕಾಯದೆ ಒಂದೇ ಉಸಿರಿಗೆ ನೋಡಬಹುದು. ಆಫೀಸಿನ ನೆನಪು ಮನೆಗೆ ಬಾರದ ಹಾಗೆ ಮೆದುಳಿನಲ್ಲಿ ಆಪರೇಷನ್ ಮಾಡಿಸಿಕೊಂಡವರ ಕಥೆ ಸೆವೆರೆನ್ಸ್‌ನದು. ಬಿಕೆಸಿಯ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ಆಫೀಸುಗಳಲ್ಲಿ ಕೆಲಸ ಮಾಡುವವರಿಗೆ ಕಲ್ಪನೆ ಅನಿಸಲಿಕ್ಕಿಲ್ಲ.

ಕನ್ನಡದಲ್ಲಿ ಏನಿದೆ?

ಕಡಿಮೆ ಇದೆ, ಆದರೆ ಇದೆ. ಝೀ5ನಲ್ಲಿ 2025ರ ಏಪ್ರಿಲ್‌ನಲ್ಲಿ ಬಂದ 'ಅಯ್ಯನ ಮನೆ' ಮಲೆನಾಡಿನ ಮನೆಯೊಂದಕ್ಕೆ ಸೊಸೆಯಾಗಿ ಬರುವ ಹುಡುಗಿಯ ಕಥೆ. ಖುಷಿ ರವಿ ಮುಖ್ಯ ಪಾತ್ರ, ರಮೇಶ್ ಇಂದಿರಾ ನಿರ್ದೇಶನ. ಚಿಕ್ಕ ಚಿಕ್ಕ ಎಪಿಸೋಡ್, ಅತ್ತೆಯವರ ಸೀರಿಯಲ್ ಅಭ್ಯಾಸಕ್ಕೂ ಹೊಂದುತ್ತದೆ. ಹಾಲ್‌ನ ಟಿವಿಯನ್ನು ನಮ್ಮ ಕಡೆಗೆ ಸೆಳೆಯಲು ಇದೇ ಒಳ್ಳೆಯ ದಾರಿ. ಅದೇ ವರ್ಷ ಆಗಸ್ಟ್‌ನಲ್ಲಿ ಬಂದ 'ಶೋಧ'ದಲ್ಲಿ ನಿರ್ದೇಶಕ ಪವನ್ ಕುಮಾರ್ ನಟಿಸಿದ್ದಾರೆ. ಹೆಂಡತಿ ಕಾಣೆಯಾಗಿದ್ದಾಳೆ ಅನ್ನುವ ಗಂಡ, ಮನೆಗೆ ಬಂದ ಹೆಂಗಸು ತನ್ನ ಹೆಂಡತಿಯೇ ಅಲ್ಲ ಅನ್ನುತ್ತಾನೆ. ಒಂದೇ ರಾತ್ರಿಗೆ ಮುಗಿಸಬಹುದು.

ಇವೆರಡಕ್ಕಿಂತ ನನಗೆ ಹತ್ತಿರವಾದದ್ದು 'ಏಕಂ' (2024). ಕರಾವಳಿಯ ಬಿಡಿ ಬಿಡಿ ಕಥೆಗಳು, ರಕ್ಷಿತ್ ಶೆಟ್ಟಿಯವರ ಸಂಸ್ಥೆ ಹಿಂದೆ ನಿಂತಿದೆ. ಯಾವ ದೊಡ್ಡ ಆ್ಯಪ್‌ನವರೂ ತೆಗೆದುಕೊಳ್ಳದೆ, ಕೊನೆಗೆ ತಮ್ಮದೇ ವೆಬ್‌ಸೈಟ್‌ನಲ್ಲಿ ಬಿಡುಗಡೆ ಮಾಡಿದರು. ಪ್ರತಿ ಕಥೆ ಅದರಲ್ಲೇ ಮುಗಿಯುವುದರಿಂದ ಮೇಲೆ ಹೇಳಿದ ಯಾವ ತಾಪತ್ರಯವೂ ಇಲ್ಲ. ಎಲ್ಲ ಕಥೆ ಒಂದೇ ತೂಕದ್ದಲ್ಲ, ಒಂದೆರಡು ನಿಧಾನಕ್ಕೆ ಸಾಗುತ್ತವೆ. ಆದರೆ ಉಡುಪಿ, ಕುಂದಾಪುರ, ಮಂಗಳೂರು ಬಿಟ್ಟು ಬಂದು ಮುಲುಂಡ್, ಭಾಂಡುಪ್‌ನಲ್ಲಿ ನೆಲೆಸಿದವರಿಗೆ ಆ ಮಾತಿನ ಧಾಟಿ ಬೇರೆ ಎಲ್ಲೂ ಸಿಗುವುದಿಲ್ಲ.

ದುಡ್ಡಿನ ವಿಷಯ ಒಂದಿಷ್ಟು. ಎಲ್ಲ ಆ್ಯಪ್‌ಗೂ ವರ್ಷದ ಚಂದಾ ಕಟ್ಟಬೇಡಿ. ಮಾರ್ವೆಲ್ ಮತ್ತು ಎಚ್‌ಬಿಒ ಎರಡೂ ಈಗ ಜಿಯೋಹಾಟ್‌ಸ್ಟಾರ್‌ನಲ್ಲಿವೆ. 2025ರ ಫೆಬ್ರುವರಿಯಲ್ಲಿ ಎರಡು ಆ್ಯಪ್ ಸೇರಿ ಆದದ್ದು ಅದು. ಪೆಂಗ್ವಿನ್, ಪಿಟ್, ಡೇರ್‌ಡೆವಿಲ್, ಮಿಸ್ ಮಾರ್ವೆಲ್ ಎಲ್ಲ ಅದೊಂದರಲ್ಲೇ ಮುಗಿಯುತ್ತವೆ. ಪಾತಾಳ್ ಲೋಕ್, ಪಂಚಾಯತ್, ಇನ್‌ವಿನ್ಸಿಬಲ್ ಪ್ರೈಮ್‌ನಲ್ಲಿ, ಅಲ್ಲಿ 2025ರ ಜೂನ್‌ನಿಂದ ನಡುವೆ ಜಾಹೀರಾತು ಬರುತ್ತದೆ, ಬೇಡ ಅಂದರೆ ಜಾಸ್ತಿ ಕೊಡಬೇಕು. ಸ್ಕ್ಯಾಮ್ ಮತ್ತು ರಾಕೆಟ್ ಬಾಯ್ಸ್ ಸೋನಿಲಿವ್. ವಾರಕ್ಕೊಂದು ಎಪಿಸೋಡ್ ಬಿಡುವ ಸೀರೀಸ್ ಆದರೆ ಕೊನೆಯದು ಬಂದ ಮೇಲೆ ಒಂದು ತಿಂಗಳ ಚಂದಾ ತೆಗೆದುಕೊಂಡು ಮುಗಿಸಿಬಿಡಿ. ಎಪಿಸೋಡ್‌ಗಳನ್ನು ರಾತ್ರಿಯೇ ಮನೆಯ ವೈಫೈನಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಬೆಳಗಿನ 8.20ರ ಫಾಸ್ಟ್‌ನಲ್ಲಿ ನಿಂತವರ ಫೋನೆಲ್ಲ ಒಂದೇ ಟವರ್‌ಗೆ ಜೋತು ಬಿದ್ದಿರುವಾಗ ಯಾವ ಸೂಪರ್‌ಹೀರೋ ಬಂದರೂ ನೆಟ್ ಓಡುವುದಿಲ್ಲ.